ಷಡ್ಡಕನನ್ನು ಹಿಂದೆ ಹಾಕಿದ ಪಿಕಪ್ಪು

ಸುಳ್ಯದ ಚನಿಯಪ್ಪನಿಗೆ ಇದ್ದ ಕಾಯಿಲೆ ಒಂದೇ, ಹೊಟ್ಟೆಕಿಚ್ಚು. ಅದೂ ಊರವರೆಲ್ಲರ ಮೇಲಲ್ಲ, ಷಡ್ಡಕ ತೀರ್ಥರಾಮನೊಬ್ಬನ ಮೇಲೆ. ಬೆಟ್ಟಂಪಾಡಿಯ ಕುಕ್ಕಪ್ಪ ಗೌಡರು ಹಿರಿ ಮಗಳು ಪ್ರೇಮಾವತಿಯನ್ನು ತೀರ್ಥರಾಮನಿಗೂ ಕಿರಿಯವಳು ಲೋಲಾಕ್ಷಿಯನ್ನು ಚನಿಯಪ್ಪನಿಗೂ ಕೊಟ್ಟಿದ್ದರು. ಅಂದಿನಿಂದ ಚನಿಯಪ್ಪನ ಬಾಳೆಲ್ಲ ತನ್ನನ್ನೂ ಷಡ್ಡಕನನ್ನೂ ತೂಗುವ ತಕ್ಕಡಿಯಲ್ಲೇ ಕಳೆಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲು ಪಿಕಪ್ಪೊಂದು ಅವನಲ್ಲಿತ್ತು. ಗೊಬ್ಬರ, ತೆಂಗಿನಕಾಯಿ, ಮದುವೆ ದಿಬ್ಬಣ ಎಲ್ಲ ಹೊತ್ತು ಅದರ ದಮ್ಮು ಹೋಗಿತ್ತು. ಮಾವನ ಮನೆಯ ದಾರಿಯಲ್ಲಿ ಒಂದು ಕಡಿದಾದ ಏರು. ಅದರ ಬುಡದಲ್ಲಿ ಗಾಡಿ ನಿಂತಿತೆಂದರೆ ಲೋಲಾಕ್ಷಿ ಇಳಿಯಬೇಕು, ಮರದ ತುಂಡು ಹಿಡಿದು ಹಿಂದಿನಿಂದ ನಡೆಯಬೇಕು, ಗಾಡಿ ಜಾರಿದರೆ ಚಕ್ರಕ್ಕೆ ಅಡ್ಡ ಕೊಡಬೇಕು. ಹಳೆ ಗಾಡಿಯವರ ಮನೆಯಲ್ಲೆಲ್ಲ ಅದೇ ಪದ್ಧತಿ.

ಅರವತ್ತೆರಡನೇ ಇಸವಿಯಲ್ಲಿ ತೀರ್ಥರಾಮ ಹೊಸ ಪಿಕಪ್ಪು ತಂದ. ಲೋಲಾಕ್ಷಿ ಹಾಗೆ ನಡೆಯುತ್ತಿದ್ದಾಗಲೇ ಒಮ್ಮೆ ಅದು ಪಕ್ಕದಿಂದ ಸಲೀಸಾಗಿ ಹತ್ತಿ ಹೋಯಿತು. ಒಳಗಿಂದ ಪ್ರೇಮಾವತಿ ಕೈಬೀಸಿದಳು, ತಂಗಿಯೂ ನಕ್ಕು ಕೈಬೀಸಿದಳು. ಆ ನಗು ಚನಿಯಪ್ಪನಿಗೆ ಚುಚ್ಚಿತು. ಅಕ್ಕನ ಗಂಡನ ಮುಂದೆ ತನ್ನ ಗಂಡ ಏನೂ ಅಲ್ಲ ಎಂದು ಇವಳಿಗೆ ಅನ್ನಿಸಿರಬೇಕು ಎಂದುಕೊಂಡ. ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ.

ಹೊಸ ಎಂಜಿನು ಕೊಳ್ಳುವ ತಾಕತ್ತಿಲ್ಲ. ಪುತ್ತೂರಿನ ಗುಜರಿ ಅಂಗಡಿಯಲ್ಲಿ ಮಿಲಿಟರಿ ಲಾರಿಯಿಂದ ಕಳಚಿದ ಬ್ಲೋವರ್ ಒಂದು ಬಿದ್ದಿತ್ತು. ಎಂಜಿನಿಗೆ ಗಾಳಿ ಒತ್ತಿ ತುಂಬುವ ಯಂತ್ರ ಅದು. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಬಲ ಬರುತ್ತದೆ. ಅತಿಯಾದರೆ ಪಿಸ್ಟನ್ನೇ ಕರಗೀತು ಎಂದು ಅಂಗಡಿಯ ಅಹ್ಮದ್ ಕುಂಞಿ ಎಚ್ಚರಿಸಿಯೇ ಕೊಟ್ಟ. ಹೊಟ್ಟೆ ಉರಿಯುವವನಿಗೆ ಪಿಸ್ಟನ್ನಿನ ಚಿಂತೆಯೇ?

ಮಳೆಗಾಲವಿಡೀ ಅಗ್ಗದ ದಾರಿಗಳನ್ನು ಹುಡುಕಿದ. ಬ್ಲೋವರ್ ತಿರುಗಿಸಲು ಅಕ್ಕಿ ಮಿಲ್ಲಿನವರು ಬಿಸಾಡಿದ ಬೆಲ್ಟು ಸಿಕ್ಕಿತು. ಗಾಳಿಯ ಕೊಳವೆಗೂ, ಪೆಟ್ರೋಲು ಹೊತ್ತಿಗೆ ಮೊದಲೇ ಸಿಡಿಯದಂತೆ ಎಂಜಿನಿನ ತಲೆಯಡಿ ಇಡುವುದಕ್ಕೂ ತಾಮ್ರದ ತಗಡು ಬೇಕಿತ್ತು. ಬಚ್ಚಲಲ್ಲಿ ಲೋಲಾಕ್ಷಿಯ ತವರಿನವರು ಕೊಟ್ಟ ಹಂಡೆ ಇತ್ತಲ್ಲ, ಅದನ್ನೇ ಕತ್ತರಿಸಿದ. ಇನ್ನು ನೀರು ಕಾಯಿಸುವುದು ಎಂತರಲ್ಲಿ ಎಂದು ಅವಳು ಕೇಳಿದ್ದಕ್ಕೆ ಮಣ್ಣಿನ ಮಡಕೆ ತೋರಿಸಿದ. ಯಾಕೆ ಕತ್ತರಿಸಿದ್ದು ಎಂದು ಮಾತ್ರ ಬಾಯಿ ಬಿಡಲಿಲ್ಲ.

ಮಾವನ ಮನೆಯ ಹೊಸ ಅಕ್ಕಿ ಊಟದ ದಿನ ಬಂತು. ಎಲ್ಲಿಯಾದರೂ ಕೈಕೊಟ್ಟರೆ ಎಂದು ಮುಂದಿನ ಸೀಟಿನಲ್ಲಿ ಸಾಮಾನಿನ ಪೆಟ್ಟಿಗೆ, ಪೆಟ್ರೋಲಿನ ಡಬ್ಬ ಇಟ್ಟುಕೊಂಡ. ಲೋಲಾಕ್ಷಿ ಬಾಳೆಗೊನೆಯ ಜೊತೆ ಹಿಂದೆ ಕುಳಿತಳು. ಏರಿನ ಬುಡದಲ್ಲಿ ಚನಿಯಪ್ಪ ಗಾಡಿ ನಿಲ್ಲಿಸಿದ. ದಮ್ಮು ಕಟ್ಟಿ ಅಲ್ಲ, ಷಡ್ಡಕನನ್ನು ಕಾಯಲು. ನೋಡುವವನಿಲ್ಲದೆ ಹತ್ತಿ ಏನು ಸುಖ! ಕನ್ನಡಿಯಲ್ಲಿ ಹೊಸ ಪಿಕಪ್ಪು ಕಂಡದ್ದೇ ತಡ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದ. ಬ್ಲೋವರ್ ಕೂಗಿತು. ಗಾಡಿ ನುಗ್ಗಿತು. ಕನ್ನಡಿಯಲ್ಲಿ ತೀರ್ಥರಾಮನ ಗಾಡಿ ಸಣ್ಣದಾಗುತ್ತ ಹೋಗಿ ಕೊನೆಗೆ ನಿಂತೇಬಿಟ್ಟಿತು. ನಿಂತಿತು! ಚನಿಯಪ್ಪ ಒಬ್ಬನೇ ನಕ್ಕ. ಇಷ್ಟು ವರ್ಷದಲ್ಲಿ ಹಾಗೆ ನಕ್ಕಿರಲಿಲ್ಲ.

ಅಂಗಳದಲ್ಲಿ ಕುಕ್ಕಪ್ಪ ಗೌಡರು ಗಾಡಿಯ ಸುತ್ತ ಒಂದು ಸುತ್ತು ಬಂದು, ಮಗಳು ಎಲ್ಲಿ ಎಂದು ಕೇಳಿದರು. ಹಿಂದೆ ಬಾಳೆಗೊನೆ ಮಾತ್ರ ಇತ್ತು.

ಅಷ್ಟರಲ್ಲಿ ತೀರ್ಥರಾಮನ ಪಿಕಪ್ಪು ಬಂತು. ಅಕ್ಕನ ಪಕ್ಕದಿಂದ ಲೋಲಾಕ್ಷಿ ಇಳಿದಳು, ಕೈಯಲ್ಲಿ ಮರದ ತುಂಡು. ತೀರ್ಥರಾಮ ಓಡಿ ಬಂದು ಚನಿಯಪ್ಪನ ಬೆನ್ನು ತಟ್ಟಿದ. "ಎಂತ ಮಾಡಿದ್ದು ಮಾರಾಯ್ರೆ? ನನ್ನ ಗಾಡಿಗೆ ಈ ಜನ್ಮದಲ್ಲಿ ಹಾಗೆ ಹತ್ತಲಿಕ್ಕೆ ಸಾಧ್ಯ ಇಲ್ಲ."

ಹಗಲು ರಾತ್ರಿ ಬಯಸಿದ್ದ ಮಾತು. ಕೇಳಿದಾಗ ಕಿವಿ ಸುಟ್ಟಿತು. ಹೆಂಡತಿಯ ಹತ್ತಿರ ಹೋಗಿ, ಏರಿನ ಬುಡದಲ್ಲಿ ನಿಲ್ಲಿಸಿದಾಗ ಯಾವಾಗಿನಂತೆ ನೀನು ಇಳಿದದ್ದು ಗೊತ್ತಾಗಲಿಲ್ಲ, ಸದ್ದಿನಲ್ಲಿ ಕೂಗಿದ್ದು ಕೇಳಿಸಲಿಲ್ಲ ಎಂದು ತೊದಲಿದ.

"ಕೇಳದಿದ್ರೆ ಹೋಗ್ಲಿ," ಲೋಲಾಕ್ಷಿ ಸೆರಗಿನ ಕೆಸರು ಕೊಡವಿದಳು. "ಕನ್ನಡಿಯಲ್ಲಿ ನೋಡಿದ್ರಲ್ಲ?"

ನೋಡಿದ್ದ. ಏರು ಮುಗಿಯುವವರೆಗೂ ಕಣ್ಣು ಕೀಳದೆ ನೋಡಿದ್ದ. ದಾರಿಯ ನಡುವೆ ಕೈಯೆತ್ತಿ ಓಡಿ ಬಂದವಳು ಅದರಲ್ಲಿ ಕಂಡೇ ಇರಬೇಕು. ಅವನಿಗೆ ಷಡ್ಡಕನ ಗಾಡಿಯಲ್ಲದೆ ಬೇರೇನೂ ನೆನಪಿಗೆ ಬರಲಿಲ್ಲ.