ಇಲ್ಲದ ಚೆಂಡಿನ ಹುಲುಗಪ್ಪ

ಸ್ನೂಕರ್ ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕುವಾಗ ಹುಲುಗಪ್ಪ ಮಧ್ಯೆ ಮಧ್ಯೆ ನಿಂತುಬಿಡುತ್ತಿದ್ದ. ಒಂದು ಕಣ್ಣು ಮುಚ್ಚಿ, ಗದ್ದವನ್ನು ಮೇಜಿನ ಮಟ್ಟಕ್ಕೆ ತಂದು, ಬರೀ ಬಟ್ಟೆಯನ್ನೇ ದಿಟ್ಟಿಸಿ, ಕೊನೆಗೆ ತೃಪ್ತಿಯಿಂದ ‘ಬಿತ್ತು’ ಅನ್ನುತ್ತಿದ್ದ. ಮೇಜಿನ ಮೇಲೆ ಒಂದು ಚೆಂಡೂ ಇರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಕಾಲುವೆ ಎಂಜಿನಿಯರಾಗಿ ಹೊಸಪೇಟೆಯ ಡ್ಯಾಂ ಕಾಲೋನಿಗೆ ಬಂದಾಗ ಅವನು ಅಲ್ಲಿನ ಕ್ಲಬ್ಬಿನ ಮಾರ್ಕರು. ಬುಕ್ಕಸಾಗರದವನು. ಚೆಂಡು ಜೋಡಿಸುವುದು, ಅಂಕ ಕೂಗುವುದು, ನಮ್ಮ ಕೈಗೆ ಕೋಲು ಕೊಡುವುದು ಅವನ ಕೆಲಸ. ಆ ಕೋಲಿನಿಂದ ತಾನು ಹೊಡೆಯುವಂತಿರಲಿಲ್ಲ. ನೌಕರರು ಆಡಕೂಡದೆಂದು ಕ್ಲಬ್ಬಿನ ಅಧ್ಯಕ್ಷರ, ಅಂದರೆ ನಮ್ಮ ದೊಡ್ಡ ಸಾಹೇಬರ, ಕಟ್ಟಪ್ಪಣೆ. ನಮಗೆ ಕಲಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ನೋಡಿ ನಮ್ಮ ಕಾನೂನಿನ ಚಂದ!

ಕೋಲಿನಿಂದ ಬಿಳಿ ಚೆಂಡಿಗೆ ಹೊಡೆದು, ಅದು ತಾಗಿ ಕೆಂಪು ಚೆಂಡು ಮೇಜಿನಂಚಿನ ಜಾಳಿಗೆಗೆ ಬೀಳಬೇಕು, ಅದೇ ಆಟ. ನಾನೋ ಕೆಂಪು ಚೆಂಡನ್ನೇ ನೋಡಿ ಹೊಡೆಯುವವನು. ಅದು ಜಾಳಿಗೆಯೊಂದನ್ನು ಬಿಟ್ಟು ಊರೆಲ್ಲ ತಿರುಗುತ್ತಿತ್ತು. ಒಂದು ದಿನ ಹುಲುಗಪ್ಪನಿಗೆ ತಡೆಯಲಾಗಲಿಲ್ಲ. ಜಾಳಿಗೆ, ಕೆಂಪು ಚೆಂಡು, ಅದರ ಹಿಂದೆ ಅದಕ್ಕೆ ತಾಗಿ ಇನ್ನೊಂದು ಚೆಂಡು, ಹೀಗೆ ಒಂದೇ ಗೆರೆಯಲ್ಲಿ ಇಟ್ಟ. ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ, ಹಿಂದಿನ ಚೆಂಡನ್ನು ಎತ್ತಿ ಕಿಸೆಗೆ ಹಾಕಿಕೊಂಡ.

“ಚೆಂಡು ಹೋತು, ಅದರ ಜಾಗ ಹೋಗಿಲ್ರಿ. ಬಿಳೇದನ್ನ ಆ ಜಾಗಕ್ಕ ಕಳಿಸ್ರಿ. ಕೆಂಪಿನ ಕಾಳಜಿ ಬ್ಯಾಡ, ಅದು ತನ್ನ ದಾರಿ ತಾ ನೋಡ್ಕಂತೈತಿ.”

ಕಳಿಸಿದೆ. ಕೆಂಪು ಚೆಂಡು ಮರುಮಾತಾಡದೆ ಜಾಳಿಗೆಗೆ ಇಳಿಯಿತು. ಅಂದಿನಿಂದ ನಾನು ಅವನ ಶಿಷ್ಯ.

ನೀನು ಎಂದಾದರೂ ಹೊಡೆದಿದ್ದೀಯಾ ಎಂದು ಒಮ್ಮೆ ಕೇಳಿದೆ. ದಿನಾ ಬೆಳಿಗ್ಗೆ ಮನಸ್ಸಿನಲ್ಲೇ ಪೂರಾ ಆಟ ಆಡುತ್ತೇನೆ, ಇಪ್ಪತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ ಅಂದ. ನಾನು ನಕ್ಕೆ. ಅವನು ನಗಲಿಲ್ಲ. ಕೆಲಸ ಬಿಡುವುದರೊಳಗೆ ಒಂದೇ ಒಂದು ಸಲ ನಿಜವಾದ ಚೆಂಡಿಗೆ ಹೊಡೆದು ನೋಡಬೇಕು ಎಂದು ಮೆಲ್ಲಗೆ ಹೇಳಿದ. ಆ ನಗುವಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾನು ಅಲ್ಲಿರುವಾಗಲೇ ಅವನ ನಿವೃತ್ತಿ ಬಂತು. ಆ ಸಂಜೆ ಕ್ಲಬ್ಬಿನಲ್ಲಿ ಹಾರ, ಶಾಲು, ಮಿರ್ಚಿ ಮಂಡಕ್ಕಿ ಎಲ್ಲ ಆದವು. ಏನು ಬೇಕೋ ಕೇಳು ಎಂದರು ಅಧ್ಯಕ್ಷರು. ಒಂದು ಸಲ ಹೊಡೆಯುವ ಅವನ ಆಸೆಯನ್ನು ನಾನೇ ಹೇಳಿಬಿಟ್ಟೆ. ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು, ಮೇಜಿನ ಕಡೆ ನೋಡಿದರು, ಕೊನೆಗೆ ಹೂಂ ಅಂದರು.

ಹುಲುಗಪ್ಪ ಶಾಲು ತೆಗೆದಿಟ್ಟು ಮೇಜಿಗೆ ಒಂದು ಸುತ್ತು ಬಂದ. ಬಗ್ಗಿದ. ಹೊಡೆದ. ಕೆಂಪು ಚೆಂಡು ಜಾಳಿಗೆಯ ಬಾಯಿಗೆ ಬಡಿದು ಹೊರಗೆ ಸಿಡಿಯಿತು. ಸುಮ್ಮನಿರಲಾರದೆ ಅವನ ಇಪ್ಪತ್ತು ವರ್ಷದ ಆಟ ಕೆಡಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅವನು ಮಾತ್ರ ನೆಟ್ಟಗೆ ನಿಂತು ಕೋಲಿನ ತುದಿಗೆ ಚಾಕ್ ತಿಕ್ಕಿದ.

“ಕಣ್ಣು ಸರಿ ಐತ್ರಿ. ಕೈಗೆ ಇದು ಮೊದಲನೇ ದಿನ. ಅದನ್ನ ಮತ್ತ ಇದ್ದಲ್ಲೇ ಇಡ್ರಿ, ಸಾಹೇಬ್ರ.”

ಹೇಳಿದ್ದು ಅಧ್ಯಕ್ಷರಿಗೆ. ಅವರು ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಅಂಗಿಯ ತೋಳು ಮಡಿಚಿ, ಬಗ್ಗಿ, ಚೆಂಡನ್ನು ಅದರ ಜಾಗಕ್ಕೆ ತಂದಿಟ್ಟರು. ಈ ಸಲ ಬಿತ್ತು. ಇನ್ನೊಂದು ಇಟ್ಟರು, ಅದೂ ಬಿತ್ತು. ಏಳನೆಯದು ಬೀಳುವಷ್ಟರಲ್ಲಿ ಊರಿನ ಬಸ್ಸಿಗೆ ಹೊತ್ತಾಯಿತೆಂದು ಹುಲುಗಪ್ಪ ಹೊರಟೇಬಿಟ್ಟ.

ಮತ್ತೆ ಅವನನ್ನು ನಾನು ನೋಡಲಿಲ್ಲ. ನೆನೆದಾಗ ಕಣ್ಣ ಮುಂದೆ ಬರುವುದು ಇಷ್ಟೇ: ಹುಲುಗಪ್ಪ ಕೋಲು ಹಿಡಿದು ನಿಂತು ಕಾಯುತ್ತಿದ್ದಾನೆ, ದೊಡ್ಡ ಸಾಹೇಬರು ಜಾಳಿಗೆಗೆ ಕೈ ಹಾಕಿ ಅವನಿಗೆ ಚೆಂಡು ತೆಗೆದುಕೊಡುತ್ತಿದ್ದಾರೆ.