ಪರಾತದ ಅಂಚಿನ ಕರಿಮರಳು

ಆ ಬೆಳಿಗ್ಗೆಯೂ ಎಂದಿನಂತೆ ಇದ್ದಿಲೊಲೆ ಹೊತ್ತಿಸಿ, ಹಾಲು ಕಾಯಿಸಿ, ಮಗಳಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸಿದೆ. ಅಕ್ಕಿ ಜಾಲಿಸಲು ಪರಾತ ಹುಡುಕಿದರೆ ಅದು ಹಿತ್ತಲ ನಲ್ಲಿಯ ಕೆಳಗಿತ್ತು. ಅದರ ತುಂಬ ಕಲ್ಲಿನ ಪುಡಿ! ನಮ್ಮವರು ಪಂಚೆ ಎತ್ತಿಕಟ್ಟಿ, ಕುಕ್ಕರಗಾಲಲ್ಲಿ ಕೂತು ಅದನ್ನು ನೀರಿನಲ್ಲಿ ಕಲಕುತ್ತಿದ್ದರು.

ಜಾಲಿಸುವುದೆಂದರೇನೆಂದು ನನ್ನ ತವರೂರು ಮಂಗಳೂರಿನ ನಿಮಗೆಲ್ಲ ಹೇಳಬೇಕು. ಅಲ್ಲಿ ಕುಚ್ಚಲಕ್ಕಿ ತೊಳೆದು ಗಂಜಿಗಿಟ್ಟರೆ ಮುಗಿಯಿತು. ಇಲ್ಲಿ ಮೈಸೂರಿನ ಮಂಡಿ ಮೊಹಲ್ಲಾದ ಅಂಗಡಿಯ ಅಕ್ಕಿಯಲ್ಲಿ ಕಲ್ಲು ಹೆಚ್ಚು. ನೀರಿನಲ್ಲಿ ಮೆಲ್ಲಗೆ ತೂಗಿ ತೂಗಿ ಅಕ್ಕಿಯನ್ನು ಇನ್ನೊಂದು ಪಾತ್ರೆಗೆ ಹರಿಸಿದರೆ ಭಾರದ ಕಲ್ಲು ಹಿಂದೆ ಉಳಿಯುತ್ತದೆ. ಐದು ವರ್ಷದ ಹಿಂದೆ, ಬಂದ ಹೊಸತರಲ್ಲಿ, ಪಕ್ಕದ ಮನೆಯ ಪುಟ್ಟತಾಯಮ್ಮ ನನ್ನ ಅಡುಗೆ ಉಂಡು ಹಲ್ಲು ಹಿಡಿದುಕೊಂಡರು. "ಅನ್ನ ಮಾಡಿದ್ದೀರೋ, ರಸ್ತೆಗೆ ಜಲ್ಲಿ ಹಾಕ್ಬುಟ್ಟಿದ್ದೀರೋ!" ಎಂದು ನಕ್ಕು, ನನ್ನ ಕೈಹಿಡಿದು ಕಲಿಸಿದರು. ಈ ಊರಿನಲ್ಲಿ ನನ್ನನ್ನು ಮೊದಲು ಮುಟ್ಟಿದ ಕೈ ಅದು.

ನಮ್ಮವರದು ಸರ್ಕಾರಕ್ಕಾಗಿ ಅದಿರು ಹುಡುಕುವ ಕೆಲಸ. ಈ ಸಲ ದೂರದ ಒಂದು ಗುಡ್ಡದ ಕಲ್ಲು ತಂದು ಪುಡಿ ಮಾಡಿಸಿದ್ದರು. ಹಿಂದೆ ಅಲ್ಲಿಯ ಜನ ಹಳ್ಳದ ಕರಿಮರಳನ್ನೇ ಮಣ್ಣಿನ ಕುಲುಮೆಯಲ್ಲಿ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರಂತೆ. ಕುಲುಮೆಯಿಂದ ತೆಗೆದು ಎಸೆದ ಕಿಟ್ಟದ ದಿಬ್ಬಗಳು ಈಗಲೂ ಇವೆಯಂತೆ. ಆಮೇಲೆ ಯಾರೋ ಗುಂಡಿ ತೋಡಿ, ಟೈಟಾನಿಯಂ ಬೆರೆತ ಅದಿರು ದೊಡ್ಡ ಕುಲುಮೆಗೆ ಆಗದೆಂದು ಬಿಟ್ಟುಹೋದರು. ಆದರೆ ಅದರೊಳಗೇ ವೆನೇಡಿಯಂ ಎಂಬ ಲೋಹ ಅಡಗಿದೆ, ಚೂರು ಸೇರಿಸಿದರೂ ಉಕ್ಕು ಗಟ್ಟಿಯಾಗುತ್ತದೆ, ಈಗ ದೇಶ ನಮ್ಮದು, ಉಕ್ಕು ಬೇಕೇ ಬೇಕು ಎಂಬುದು ಇವರ ವಾದ. ಪುಡಿಯಲ್ಲಿ ಸಾಕಷ್ಟು ಕರಿಮರಳು, ಅಂದರೆ ಅದಿರಿನ ಭಾರದ ಕಾಳು, ಸಿಕ್ಕರೆ ಗುಂಡಿಗಳನ್ನು ಮತ್ತೆ ತೆರೆಯುತ್ತಾರೆ, ನಾವು ಸಂಸಾರ ಸಮೇತ ಆ ಗುಡ್ಡದ ಬುಡಕ್ಕೆ. ಸಿಗದಿದ್ದರೆ ಮೈಸೂರಲ್ಲೇ.

ಕಚೇರಿಯಲ್ಲಿ ಪುಡಿ ತೊಳೆಯುವ ಆಳಿಗೆ ಜ್ವರ. ಮಧ್ಯಾಹ್ನದೊಳಗೆ ಮರಳು ಕಚೇರಿ ಸೇರಬೇಕು. ಇವರ ರಭಸಕ್ಕೆ ಎರಡು ಚೀಲದ ಪುಡಿ ಆಗಲೇ ಮೋರಿ ಪಾಲಾಗಿ, ಒಂದೇ ಚೀಲ ಉಳಿದಿತ್ತು.

"ಏನ್ರೀ, ಎಮ್ಮೆ ಮೈ ತೊಳೆಯೋ ಹಾಗೆ! ಇತ್ತ ಕೊಡಿ."

"ಇದು ಅಕ್ಕಿಯಲ್ಲ ಮಾರಾಯ್ತಿ."

"ಅಕ್ಕೀಲಿ ಬೇಡದ್ದು ಉಳಿಯುತ್ತೆ, ಇದರಲ್ಲಿ ಬೇಕಾದ್ದು. ಅಷ್ಟೇ ತಾನೆ?"

ತೂಗತೊಡಗಿದೆ. ಮಸುಕು ಮಣ್ಣು ಹರಿದು, ಅಂಚಿನಲ್ಲಿ ಕಾಡಿಗೆ ತೀಡಿದಂಥ ಗೆರೆ ಮೂಡಿತು. ಇವರು ಕಾಫಿಗೆಂದು ಒಳಗೆ ಹೋದರು. ಕೈ ಒಂದಿಷ್ಟು ಹೆಚ್ಚು ಬಾಗಿಸಿದ್ದರೆ ಸಾಕಿತ್ತು, ಆ ಗೆರೆಯೂ ಮೋರಿ ಸೇರುತ್ತಿತ್ತು. ಮಗಳ ಶಾಲೆ, ಮಲ್ಲಿಗೆ ಮಾರುವವಳ ಕೂಗು, ಗೋಡೆಯಾಚೆಯ ಪುಟ್ಟತಾಯಮ್ಮ ಎಲ್ಲವೂ ನನಗೆ ಉಳಿಯುತ್ತಿದ್ದವು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಕಸೂತಿಯನ್ನು ಮೊದಲು ತಿರುಗಿಸಿ ಯಾರಿಗೂ ಕಾಣದ ಹಿಂಬದಿಯನ್ನೇ ನೋಡುತ್ತಿದ್ದರು. ಪರಾತವನ್ನು ಬಾಗಿಸದೆ ಹಿಡಿದೆ.

ಮರಳು ಬಿಸಿಲಲ್ಲಿ ಒಣಗಿದ ಮೇಲೆ ಇವರು ಕಾಗದ ಸುತ್ತಿದ ಅಯಸ್ಕಾಂತ ಆಡಿಸಿದರು. ಕಪ್ಪು ಕಾಳುಗಳು ರೋಮದಂತೆ ಎದ್ದು ನಿಂತವು. ಇವರ ಮುಖ ನೋಡಬೇಕಿತ್ತು!

ಸಂಜೆ ಇವರು ಬಾಗಿಲಲ್ಲೇ ಹೇಳಿದರು: ಕಚೇರಿಯ ಸಾಹೇಬರು ತೂಕ ನೋಡಿ ಹೂಂ ಅಂದರಂತೆ, ಸಂಕ್ರಾಂತಿ ಕಳೆದ ಮೇಲೆ ಹೊರಡಬೇಕು. ಹೆಮ್ಮೆಯಾಯಿತು. ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದ ಪುಟ್ಟತಾಯಮ್ಮನ ಪಕ್ಕ ಹೋಗಿ ಕೂತು ಸುದ್ದಿ ಹೇಳಿದೆ. ಅವರು ತಲೆಯೆತ್ತಲಿಲ್ಲ.

"ನೀರು ಕಾಯಿಸ್ಕೊಂಡು ಕುಡೀರಿ ಕಣಮ್ಮ. ನಮ್ ಮೈಸೂರೋರ್ಗೆ ಆ ಕಡೆ ನೀರು ಒಗ್ಗಲ್ಲ."