ಒಂದು ಮಿಲಿಮೀಟರ್

ತಾಂಬರಂ ಸ್ಟೇಷನ್ನಿನ ಹೊರಗೆ ದ್ರಾಕ್ಷಿ ಗಾಡಿ ಕಂಡರೆ ರಸ್ತೆ ದಾಟಿ ಆಚೆ ಹೋಗುವವನು ನಾನು. ಇವತ್ತು ದಾಟಲಿಲ್ಲ, ಯಾಕೆಂದು ಹೇಳುತ್ತೇನೆ. ನಿಮಗೆ ಅದು ಬರೀ ಹಣ್ಣಿನ ವಾಸನೆ. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ರೋಗಾಣು ಬೆಳೆಸಿದ ನನಗೆ ಅದು ಗಾಯದ ಕೀವಿನಲ್ಲಿರುವ ಒಂದು ಹಟಮಾರಿ ಬ್ಯಾಕ್ಟೀರಿಯಾದ ವಾಸನೆಯೂ ಹೌದು. ಅದೂ ಥೇಟ್ ದ್ರಾಕ್ಷಿಯ ಹಾಗೇ ಸಿಹಿ.

ಎಂಟು ವರ್ಷದ ಹಿಂದೆ, ಅತ್ತೆಯ ಕೀವಿನಿಂದ ರೋಗಾಣು ಬೆಳೆಸಲು ಇಟ್ಟಿದ್ದ ಲ್ಯಾಬಿನ ತಟ್ಟೆ ತೆರೆದಾಗ ಬಂದದ್ದು ಅದೇ ವಾಸನೆ. ಅತ್ತೆ ಅಂದರೆ ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಮೊದಲ ಸಲ ಕೀವಾದಾಗ, "ಆಸ್ಪತ್ರೆಗೆಲ್ಲ ಯಾಕೋ? ನೀನೇ ಒಂದ್ ಮಾತ್ರೆ ತಂದ್ಕೊಡು, ಪೋದುಂ, ಸಾಕು" ಎಂದಿದ್ದಳು. ಕಂಡವರಿಗೆಲ್ಲ 'ಮೊದಲು ಟೆಸ್ಟು, ಆಮೇಲೆ ಮಾತ್ರೆ' ಎಂದು ಉಪದೇಶ ಮಾಡುವ ಮಹಾಶಯ ನಾನೇ ಆಂಟಿಬಯಾಟಿಕ್ ಮಾತ್ರೆ ತಂದುಕೊಟ್ಟೆ. ನೋವು ಇಳಿದ ಕೂಡಲೇ ಅವಳು ನಿಲ್ಲಿಸಿದಳು. ಪೂರ್ತಿ ಮುಗಿಸಿದೆಯಾ ಎಂದು ನಾನು ಕೇಳಲಿಲ್ಲ. ಹೀಗೆ ಮೂರು ಸಲ.

ತಟ್ಟೆಯ ತುಂಬ ರೋಗಾಣು ಹರಡಿ, ಮೇಲೆ ಔಷಧ ನೆನೆಸಿದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬಯಲು ವೃತ್ತ ಬಿಡುತ್ತದೆ. ಅದನ್ನು ಸ್ಕೇಲಿನಿಂದ ಅಳೆಯಬೇಕು. ಅತ್ತೆಯ ತಟ್ಟೆಯಲ್ಲಿ ಒಂದೇ ಒಂದು ಬಿಲ್ಲೆಗೆ ವೃತ್ತವಿತ್ತು. ಅಳೆದೆ. ಔಷಧ ನಾಟುತ್ತದೆ ಎನ್ನಲು ಬೇಕಾದ್ದಕ್ಕಿಂತ ಒಂದು ಮಿಲಿಮೀಟರ್ ಕಡಿಮೆ. ತಟ್ಟೆ ತಿರುಗಿಸಿ ಅಳೆದೆ, ಕನ್ನಡಕ ಒರೆಸಿಕೊಂಡು ಅಳೆದೆ. ಆ ಒಂದು ಮಿಲಿಮೀಟರ್ ಸೇರಿಸಿ ಬರೆಯಲು ಪೆನ್ನು ತೆರೆದೂ ಆಗಿತ್ತು.

"ಯಾರದಪ್ಪಾ ಇದು?" ಹಿಂದೆ ನಮ್ಮ ಹಿರಿಯ ಮೇಡಂ ನಿಂತಿದ್ದರು.

"ನಮ್ಮತ್ತೇದು, ಮೇಡಂ."

ಸ್ಕೇಲು ತೆಗೆದುಕೊಂಡು ಅವರೇ ಅಳೆದರು. "ಕೆಲಸ ಮಾಡದ ಔಷಧಿ ನಂಬ್ಕೊಂಡು ಡಾಕ್ಟ್ರು ಕಾದ್ರೆ, ಕಾಲಿನ ಜೊತೆ ನಿಮ್ಮತ್ತೇನೂ ಹೋಗ್ತಾರೆ. ಇರೋದನ್ನ ಬರಿ."

'ರೆಸಿಸ್ಟೆಂಟ್', ಅಂದರೆ ಔಷಧ ನಾಟದು, ಎಂದು ಬರೆದೆ. ಆ ವಾರವೇ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅರ್ಧಕ್ಕೆ ಬಿಟ್ಟ ನನ್ನ ಮಾತ್ರೆಗಳಿಂದಲೇ ರೋಗಾಣು ಔಷಧಕ್ಕೆ ಬಗ್ಗದಂತಾಯಿತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಅಲ್ಲವೆಂದೂ ಹೇಳಲಾರರು. ನನಗೆ ನಾಚಿಕೆಯಾಗುತ್ತಿತ್ತು, ಎಂಟು ವರ್ಷ ಅವಳೆದುರು ಬಾಯಿಬಿಡಲಿಲ್ಲ.

ಇವತ್ತು ಬೆಳಿಗ್ಗೆ ಅತ್ತೆ, "ಬರ್ತಾ ದ್ರಾಕ್ಷಿ ತಗೊಂಡ್ ಬಾರೋ" ಎಂದಳು. ರಸ್ತೆ ದಾಟದೆ ಆ ಗಾಡಿಯಿಂದಲೇ ಕೊಂಡು ತಂದೆ. ತೊಳೆದು ಅವಳ ಮಡಿಲಿಗಿಟ್ಟು, ಮಾತ್ರೆ, ಪೆನ್ನು ಎಲ್ಲವನ್ನೂ ಹೇಳಿದೆ.

ಅತ್ತೆ ಮಡಿಲಿನ ಗೊಂಚಲನ್ನು ಪಕ್ಕಕ್ಕೆ ಸರಿಸಿದಳು. "ಮೂರು ಸಲಾನೂ ಕೇಳಿದ್ದು ನಾನೇ ಕಣೋ," ಎಂದಳು. "ಆದ್ರೂ ನೀನ್ ಕೊಡಬಾರದಿತ್ತು."

ಆಮೇಲೆ ಒಂದು ದ್ರಾಕ್ಷಿ ಕಿತ್ತು ನನ್ನ ಕೈಗಿಟ್ಟಳು. ತಿಂದೆ.